ಗಡ್ಡೆಯ ಫಿಯೆಟ್ಟಿಗೆ ಎಷ್ಟು ಮಂದಿ ಒಡೆಯರು?

ಹಂಪಿಯ ವಿರೂಪಾಕ್ಷ ದೇಗುಲದ ಬಳಿಯ ಸ್ನಾನಘಟ್ಟದಲ್ಲಿ ನಿಂತು ಹೊಳೆಯಾಚೆ ನೋಡಿದರೆ ಭತ್ತದ ಗದ್ದೆ, ಬಾಳೆ, ತೆಂಗುಗಳ ಹಸಿರು ತುಂಡೊಂದು ಕಾಣುತ್ತದೆ. ಅದೇ ವಿರೂಪಾಪುರಗಡ್ಡೆ. ಹಂಪಿ ಇರುವುದು ವಿಜಯನಗರ ಜಿಲ್ಲೆಯಲ್ಲಿ. ಗಡ್ಡೆ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿಗೆ ಸೇರಿದ್ದು. ದೋಣಿಯಲ್ಲಿ ಕೆಲವೇ ನಿಮಿಷಗಳ ಹಾದಿ. ಕಾರಿನಲ್ಲೇ ಹೋಗಬೇಕೆಂಬವರು ಮಾತ್ರ ಹೊಸಪೇಟೆ, ಮುನಿರಾಬಾದ್, ಹುಲಿಗಿ, ಸಾಣಾಪುರ ಎಂದು ದೊಡ್ಡದೊಂದು ಬಳಸು ಹಾಕಬೇಕು. ಹೀಗೆ ಬಳಸಿಯೇ ಗಡ್ಡೆ ಸೇರಿ, ಅಲ್ಲಿ ಹದಿಮೂರು ವರ್ಷ ಬಾಳಿದ ಒಂದು ಸಣ್ಣ ಕಾರು ಈಗ ನನ್ನ ಮನೆಯಲ್ಲಿದೆ. ಅದನ್ನು ರಿಪೇರಿ ಮಾಡಿಸಿದ್ದು ದೊಡ್ಡ ಸಂಗತಿಯಲ್ಲ, ಹಣವೂ ಒಳ್ಳೆಯ ಮಿಸ್ತ್ರಿಯೂ ಇದ್ದರೆ ಯಾರಾದರೂ ಮಾಡಿಸಬಹುದು. ಅದರ ಒಡೆಯರು ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದೇ ಕಷ್ಟದ ಕೆಲಸವಾಯಿತು.

ಕಾರು 1978ರ ಪ್ರೀಮಿಯರ್ ಪದ್ಮಿನಿ. ಮುಂಬೈಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ ಇಟಲಿಯ ಫಿಯೆಟ್ ಕಂಪನಿಯ 1100 ಮಾದರಿಯನ್ನು ಐವತ್ತರ ದಶಕದಿಂದಲೇ ಇಲ್ಲಿ ತಯಾರಿಸುತ್ತಿತ್ತು. ಎಪ್ಪತ್ತರ ದಶಕದಲ್ಲಿ ಅದಕ್ಕೆ ಚಿತ್ತೋಡದ ರಾಣಿಯ ಹೆಸರಿಟ್ಟರೂ ನಮ್ಮ ಊರುಗಳಲ್ಲಿ ಅದನ್ನು ಯಾರೂ ಪದ್ಮಿನಿ ಎಂದು ಕರೆದದ್ದಿಲ್ಲ. ಕೊನೆಯವರೆಗೂ ಅದು ಫಿಯೆಟ್ಟೇ. 1089 ಸಿ.ಸಿ.ಯ ಎಂಜಿನ್, ಸ್ಟೇರಿಂಗ್ ಪಕ್ಕದ ಗೇರು, ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು. ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕಿದ್ದ ಕಾಲ ಅದು. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ಹೊರಬಂದ ಮೇಲೆ ಫಿಯೆಟ್ಟಿನ ಬೆಲೆ ಇಳಿಯುತ್ತಾ ಹೋಯಿತು. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ತಯಾರಿಕೆಯೂ ಮುಗಿಯುತ್ತ ಬಂದಿತ್ತು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಉಳಿದಿದ್ದ ಕೊನೆಯ ಪದ್ಮಿನಿ 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಸರಿದಾಗ ಪತ್ರಿಕೆಗಳೆಲ್ಲ ಬರೆದವು. ಆ ಹೊತ್ತಿಗೆ ನಮ್ಮದು ಗಂಗಾವತಿಯ ಗ್ಯಾರೇಜೊಂದರಲ್ಲಿ ಗಾಲಿಗಳಿಲ್ಲದೆ ಇಟ್ಟಿಗೆಗಳ ಮೇಲೆ ಕುಳಿತಿತ್ತು.

ನಾನು ಎಂಬತ್ತರ ದಶಕದಲ್ಲಿ ಗಂಗಾವತಿಯಲ್ಲಿ ನಾಲ್ಕು ವರ್ಷ ಪಾಠ ಹೇಳಿದವನು. ಹಳೆಯ ವಿದ್ಯಾರ್ಥಿಯೊಬ್ಬರ ಮನೆಗೆಂದು ಸಾಣಾಪುರಕ್ಕೆ ಹೋಗಿದ್ದಾಗ ಹಿತ್ತಲಿನ ಬೇವಿನ ಮರದಡಿ ಈ ಕಾರು ಕಂಡಿತು. ಗಿಳಿಹಸಿರು ಬಣ್ಣ, ಬಾನೆಟ್ ಮೇಲೆ ದೊಡ್ಡದೊಂದು ಕಮಲ, ಡಿಕ್ಕಿಯ ಮೇಲೆ ಹೀಬ್ರೂ ಅಕ್ಷರಗಳ ಸಾಲು. ನಂಬರ್ ಪ್ಲೇಟಿನಲ್ಲಿ ಮಾತ್ರ ‘ಎಂವೈ’ ಎಂದು ಆರಂಭವಾಗುವ ಹಳೆಯ ಸಂಖ್ಯೆ. ರಾಜ್ಯದ ಹೆಸರು 1973ರ ನವೆಂಬರ್ 1ರಂದೇ ಕರ್ನಾಟಕವಾಗಿದ್ದರೂ ಗಾಡಿಗಳ ಮೇಲೆ ಮೈಸೂರು ಇನ್ನೂ ಹದಿನೈದು ವರ್ಷ ಬದುಕಿತ್ತು. ‘ಕೆಎ’ ಬಂದದ್ದು 1989ರಲ್ಲಿ.

ಕಾರು ವಿದ್ಯಾರ್ಥಿಯ ಚಿಕ್ಕಪ್ಪನದು. ಗಡ್ಡೆಯಲ್ಲಿ ಎಂಟು ಗುಡಿಸಲುಗಳ ಒಂದು ಅತಿಥಿಗೃಹ ನಡೆಸುತ್ತಿದ್ದವರು. ನಲವತ್ತು ಸಾವಿರಕ್ಕೆ ಕೊಡಲು ಒಪ್ಪಿ, ಪಾಲಿಥಿನ್ ಚೀಲದಲ್ಲಿ ಸುತ್ತಿಟ್ಟಿದ್ದ ಆರ್‌ಸಿ ಪುಸ್ತಕವನ್ನು ಕೈಗಿತ್ತರು. ಅದರಲ್ಲಿ ಮೂರು ಹೆಸರುಗಳಿದ್ದವು. ಮೂರರಲ್ಲಿ ಯಾವುದೂ ಅವರದಲ್ಲ.

“ಗಾಡಿ ನಂದ ಸರ. ಪುಸ್ತಕದಾಗ ಹೆಸರು ಹಚ್ಚಿಸೂದು ಇವತ್ತು ನಾಳೆ ಅಂತ ಹಂಗ ಉಳೀತು” ಎಂದರು.

ನೋಂದಣಿ 2008ರಲ್ಲೇ ಮುಗಿದಿತ್ತು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿಗೆ ಐದೈದು ವರ್ಷಕ್ಕೊಮ್ಮೆ ನವೀಕರಣ ಬೇಕು. 600 ರೂಪಾಯಿ ಇದ್ದ ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತ್ತು. ಐವತ್ತು ವರ್ಷ ತುಂಬಿದ ಗಾಡಿಗಳಿಗೆ 2021ರ ನಿಯಮಗಳಡಿ ವಿಂಟೇಜ್ ಎಂಬ ಬೇರೆ ಮರ್ಯಾದೆ ಇದೆ, ಆದರೆ ನಮ್ಮದಕ್ಕೆ ಐವತ್ತು ತುಂಬುವುದು 2028ಕ್ಕೆ. ಹಾಗಾಗಿ ಮಾಮೂಲಿ ದಾರಿಯೇ ಗತಿ. ಆ ದಾರಿಯಲ್ಲಿ ಅರ್ಜಿ ಹಾಕಬೇಕಾದವರು ಪುಸ್ತಕದಲ್ಲಿ ಹೆಸರಿರುವ ಮಾಲೀಕರು. ಕೊನೆಯ ಹೆಸರಿನ ಮನುಷ್ಯ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಅವರ ವಾರಸುದಾರರು ಸಹಿ ಹಾಕದೆ ಈ ಕಾರು ಕಾನೂನಿನ ಕಣ್ಣಿಗೆ ಕಬ್ಬಿಣದ ರಾಶಿಯೇ ಹೊರತು ವಾಹನವಲ್ಲ. ಹಳೆಯ ಒಡೆಯರನ್ನು ಹುಡುಕಿ ಹೊರಟದ್ದು ಹೀಗೆ, ಕುತೂಹಲದಿಂದಲ್ಲ, ಗರಜಿನಿಂದ. ಆದರೆ ಪುಸ್ತಕದ ಮೊದಲ ಪುಟ ತೆರೆದ ಮೇಲೆ ಕೊನೆಯ ಹೆಸರೊಂದನ್ನೇ ಹುಡುಕಿ ಸುಮ್ಮನಿರಲು ಮನಸ್ಸು ಬರಲಿಲ್ಲ.

ಮೊದಲ ಹೆಸರು ಒಬ್ಬ ವೈದ್ಯೆಯದು. ವಿಳಾಸ ಮಾಸಿಹೋಗಿದ್ದರೂ ಬಜಾರಿನ ಹಳೆಯ ಔಷಧಿ ಅಂಗಡಿಯವರಿಗೆ ಹೆಸರು ಹೇಳಿದ್ದೇ ತಡ, “ಡಾಕ್ಟ್ರವ್ವಾರ ಕಾರೇನ್ರಿ?” ಎಂದರು. ಗಂಗಾವತಿಯಲ್ಲಿ ಹೆರಿಗೆ ಮಾಡಿಸುತ್ತಿದ್ದ ಆಕೆ ನಲವತ್ತೆರಡನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಈ ಕಾರು ಕೊಂಡವರು. ಈಗಿಲ್ಲ. ಮೈಸೂರಿನಲ್ಲಿರುವ ಮಗಳು ಫೋನಿನಲ್ಲಿ ಎರಡು ಗಂಟೆ ಮಾತಾಡಿದರು.

ಆ ಮಾತನ್ನು ಅರಿಯಲು ಗಂಗಾವತಿ ಸೀಮೆಯ ಚರಿತ್ರೆಯನ್ನು ತುಸು ನೆನೆಯಬೇಕು. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಯ ನೀರು ಬಂದಂತೆ ಜೋಳ, ಸಜ್ಜೆ ಬೆಳೆಯುತ್ತಿದ್ದ ನೆಲ ಭತ್ತದ ಕಣಜವಾಯಿತು. ಭತ್ತದ ಕೃಷಿ ಬಲ್ಲ ರೈತರು ಆಂಧ್ರದ ಕರಾವಳಿಯಿಂದ ಬಂದು ಕಾಲುವೆಯ ಉದ್ದಕ್ಕೂ ನೆಲೆಸಿದರು. ಅವರ ವಸತಿಗಳಿಗೆ ‘ಕ್ಯಾಂಪು’ ಎಂಬ ಹೆಸರೇ ಖಾಯಂ ಆಯಿತು. ಕ್ಯಾಂಪುಗಳಿಗೆ ಆಗ ಸರಿಯಾದ ರಸ್ತೆಯಿರಲಿಲ್ಲ, ರಾತ್ರಿ ಬಸ್ಸಿರಲಿಲ್ಲ. ನೋವು ಕಾಣಿಸಿಕೊಂಡ ಹೆಂಗಸನ್ನು ಎತ್ತಿನ ಗಾಡಿಯಲ್ಲಿ ತರುವುದಕ್ಕಿಂತ ಡಾಕ್ಟರೇ ಕಾಲುವೆಯ ಏರಿ ಹಿಡಿದು ಅಲ್ಲಿಗೆ ಹೋಗುವುದು ಲೇಸು. ಫಿಯೆಟ್ ಕೊಂಡದ್ದು ಅದಕ್ಕೆ. ಅಂಬಾಸಿಡರ್ ದೊಡ್ಡದು, ಏರಿಯ ಮೇಲೆ ತಿರುಗಿಸಲಾಗದು ಎಂಬುದು ಆಕೆಯ ಲೆಕ್ಕವಾಗಿತ್ತಂತೆ.

ಈ ಕಾರಿನ ಹಿಂದಿನ ಸೀಟಿನಲ್ಲೇ ಮಗುವೊಂದು ಹುಟ್ಟಿತೆಂಬ ಕಥೆ ಗಂಗಾವತಿಯಲ್ಲಿ ನನಗೆ ಮೂವರು ಹೇಳಿದರು, ಮೂವರೂ ಬೇರೆ ಬೇರೆ ಕ್ಯಾಂಪಿನ ಹೆಸರಿನೊಂದಿಗೆ. ಮಗಳು ನಕ್ಕರು. “ಅಮ್ಮ ಅದನ್ನು ಒಪ್ಪುತ್ತಲೇ ಇರಲಿಲ್ಲ. ಮಗು ಹುಟ್ಟಿದ್ದು ಆಸ್ಪತ್ರೆಯ ಮೆಟ್ಟಿಲ ಮೇಲೆ, ಕಾರಿನಲ್ಲಿ ಹುಟ್ಟಿದ್ದರೆ ಸೀಟು ತೊಳೆಯುವ ಕೆಲಸ ನಿನಗೇ ಬೀಳುತ್ತಿತ್ತು ಎನ್ನುತ್ತಿದ್ದರು.” ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: ಬಣ್ಣ ಯಾವುದು ಮಾಡಿಸುತ್ತೀರಿ? ಅವರ ನೆನಪಿನ ಕಾರು ಕೆನೆಬಣ್ಣದ್ದು.

ಎರಡನೆಯ ಒಡೆಯರ ವಿಷಯ ಬೇಗ ಮುಗಿಯುತ್ತದೆ. ಅಕ್ಕಿ ಗಿರಣಿಯವರು, 1987ರಲ್ಲಿ ಕೊಂಡರು, ಬಿಳಿ ಬಣ್ಣ ಹೊಡೆಸಿದರು, 1994ರಲ್ಲಿ ಮಾರಿದರು. ಎಂಬತ್ತು ದಾಟಿದ ಅವರಿಗೆ ತಮ್ಮ ಮೊದಲ ಅಂಬಾಸಿಡರ್ ನೆನಪಿದೆ, ಆಮೇಲಿನ ಮಾರುತಿ ನೆನಪಿದೆ, ನಡುವಿನ ಫಿಯೆಟ್ ನೆನಪಿಲ್ಲ. ಚಹಾ ಕೊಟ್ಟು, “ಅದನ್ನ ನಮ್ಮ ಡ್ರೈವರ್‌ಗೇ ಕೊಟ್ಟೆವು ನೋಡ್ರಿ” ಎಂದರು. ಅದೊಂದು ಮಾತು ನನಗೆ ಸಾಕಿತ್ತು.

ಆ ಡ್ರೈವರ್ ಮೂರನೆಯ ಹೆಸರು. ಏಳು ವರ್ಷ ಧಣಿಯ ಕಾರೆಂದು ಓಡಿಸಿದ್ದನ್ನು ಕೊಂಡು ತನ್ನದಾಗಿ ಮಾಡಿಕೊಂಡವರು. ತಾವೇ ನಿಂತು ಗಾಢ ನೀಲಿ ಬಣ್ಣ ಹೊಡೆಸಿದರು. ಮದುವೆ ದಿಬ್ಬಣ, ಹುಲಿಗೆಮ್ಮನ ಜಾತ್ರೆ, ಆಸ್ಪತ್ರೆ, ಅಂಜನಾದ್ರಿ ಬೆಟ್ಟ. ಬಿಳಿ ಬೋರ್ಡಿನ ಬಾಡಿಗೆ. ಅದು ನಿಯಮಕ್ಕೆ ವಿರುದ್ಧವೆಂದು ಅವರಿಗೂ ಗೊತ್ತು, ಹತ್ತಿದವರಿಗೂ ಗೊತ್ತು. ಆ ದುಡಿಮೆಯಲ್ಲಿ ಇಬ್ಬರು ಮಕ್ಕಳು ಓದಿದರು. 2007ರಲ್ಲಿ ಬೆನ್ನುನೋವು ಹೆಚ್ಚಾಗಿ ಗಡ್ಡೆಯ ಅತಿಥಿಗೃಹದವರಿಗೆ 22,000 ರೂಪಾಯಿಗೆ ಕೊಟ್ಟರು. 15,000 ಕೈಗೆ ಬಂತು, 7,000 ಬಾಕಿ. ಬಾಕಿ ತೀರುವವರೆಗೆ ಹೆಸರು ಬದಲಾಯಿಸುವುದಿಲ್ಲವೆಂದು ಇವರು. ಹೆಸರು ಬದಲಾದ ಮೇಲೆ ಬಾಕಿ ಎಂದು ಅವರು. ನಾಲ್ಕು ವರ್ಷದ ನಂತರ ಇವರು ತೀರಿಕೊಂಡರು. ‘ಇವತ್ತು ನಾಳೆ’ ಎಂಬ ಮಾತಿನ ಒಳಗಿದ್ದದ್ದು ಇದು.

ಅವರ ಹೆಂಡತಿ ಗಂಗಾವತಿಯಲ್ಲಿ ಕಿರಿಯ ಮಗನ ಜೊತೆಗಿದ್ದಾರೆ. ಕಾರು ಎಂದೋ ಗುಜರಿಗೆ ಹೋಯಿತೆಂದು ತಿಳಿದಿದ್ದರು. ಕಾಗದ ಮುಂದಿಟ್ಟಾಗ ಮೊದಲು ಕೇಳಿದ್ದೇ ಆ ಏಳು ಸಾವಿರ. ನಾನೇ ಕೊಟ್ಟುಬಿಡುತ್ತೇನೆ ಅಮ್ಮಾ ಎಂದೆ.

“ನೀವು ಕೊಟ್ಟರ ಅದು ನಿಮ್ಮ ರೊಕ್ಕ ಆಗತೈತ್ರಿ. ನಮ್ಮ ಮನಿಯವರು ಕೇಳಿದ್ದು ಅವರಿಗೆ. ಅವರು ಬರಲಿ.”

ಅವರನ್ನು ಕರೆತರಲು ಎರಡು ತಿಂಗಳು ಹಿಡಿಯಿತು. ಬರಲು ಅವರಿಗೆ ಮುಖವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರ ಬಳಿ ಉಳಿದದ್ದೂ ಏನಿರಲಿಲ್ಲ.

ಇಲ್ಲಿ ಗಡ್ಡೆಯ ಕಥೆಯನ್ನು ಹೇಳದೆ ಮುಂದೆ ಹೋಗಲಾಗದು. ಹಂಪಿಯ ಸ್ಮಾರಕಗಳು 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹೊಳೆಗೆ ಅಡ್ಡಲಾಗಿ ಎರಡು ಸೇತುವೆಗಳು ಏಳತೊಡಗಿದ್ದರಿಂದ 1999ರಲ್ಲಿ ಹಂಪಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿತು. ಆ ಎರಡರಲ್ಲಿ ಒಂದು ಆನೆಗೊಂದಿಯ ವಾಹನ ಸೇತುವೆ, ಇನ್ನೊಂದು ಇದೇ ಗಡ್ಡೆಗೆ ಹೋಗುವ ಕಾಲುಸೇತುವೆ. ಕಾಲುಸೇತುವೆಯನ್ನು ಕಳಚಿಹಾಕಿದರು. 2006ರಲ್ಲಿ ಹಂಪಿಯ ಹೆಸರು ಅಪಾಯದ ಪಟ್ಟಿಯಿಂದ ಹೊರಬಂತು. ಆನೆಗೊಂದಿಯ ಸೇತುವೆ 2009ರ ಜನವರಿಯಲ್ಲಿ, ಕೆಲಸ ನಡೆಯುತ್ತಿದ್ದಾಗಲೇ, ಕುಸಿದು ಕಾರ್ಮಿಕರ ಜೀವ ತೆಗೆಯಿತು. ಈ ನಡುವೆ ಗಡ್ಡೆಯಲ್ಲಿ ಗುಡಿಸಲುಗಳು ಅತಿಥಿಗೃಹಗಳಾದವು, ಕೆಲವು ಕಾಂಕ್ರೀಟಿನ ರೆಸಾರ್ಟುಗಳೂ ಆದವು. ಬಂಡೆ ಹತ್ತುವ ಹುಚ್ಚಿನ ಯುರೋಪಿನ ಹುಡುಗರು, ಸೇನೆಯ ಕಡ್ಡಾಯ ಸೇವೆ ಮುಗಿಸಿ ತಿಂಗಳುಗಟ್ಟಲೆ ತಿರುಗುವ ಇಸ್ರೇಲಿನ ಯುವಕರು ಅಲ್ಲಿ ಬೀಡುಬಿಟ್ಟರು. ನಮ್ಮ ಫಿಯೆಟ್ಟಿನ ಕ್ಯಾರಿಯರಿಗೆ ಬಂಡೆ ಹತ್ತುವವರ ದಪ್ಪ ಹಾಸುಗಳನ್ನು ಕಟ್ಟಿಕೊಂಡು ಅವರು ಸಾಣಾಪುರದ ಕೆರೆಯ ಕಡೆಗೆ ಹೋಗುತ್ತಿದ್ದರಂತೆ. ಹಸಿರು ಬಣ್ಣ, ಕಮಲ, ಹೀಬ್ರೂ ಸಾಲು ಆ ಕಾಲದವು. ಆ ಸಾಲಿನ ಅರ್ಥವನ್ನು ಬೆಂಗಳೂರಿನಲ್ಲಿ ಬಲ್ಲವರೊಬ್ಬರಿಂದ ಓದಿಸಿದೆ: ‘ನಿಧಾನ, ನಿಧಾನ’. ಬ್ರೇಕಿನ ಸ್ಥಿತಿ ನೋಡಿದರೆ ಸೂಕ್ತ ಸಲಹೆ.

2019ರ ಆಗಸ್ಟಿನಲ್ಲಿ ಜಲಾಶಯದಿಂದ ಬಿಟ್ಟ ನೀರು ಗಡ್ಡೆಯನ್ನು ಸುತ್ತುವರಿದು ನೂರಾರು ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರುಗಳಲ್ಲಿ ಪಾರುಮಾಡಬೇಕಾಯಿತು. ಕಾರು ಬಾಗಿಲ ಹಿಡಿಯವರೆಗೆ ಮುಳುಗಿತ್ತು. ಮರುವರ್ಷ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಗಡ್ಡೆಯ ಅನಧಿಕೃತ ಕಟ್ಟಡಗಳ ತೆರವಿಗೆ ಸಂಬಂಧಿಸಿದ ಹೈಕೋರ್ಟಿನ ಆದೇಶವನ್ನು ಎತ್ತಿಹಿಡಿಯಿತು. ಮಾರ್ಚ್ ಮೊದಲ ವಾರ ಜೆಸಿಬಿಗಳು ಬಂದವು. ಎಂಟು ಗುಡಿಸಲುಗಳೂ ಹೋದವು. ಗಾಲಿಯಿದ್ದ ಕಾರಣ ಕಾರೊಂದನ್ನು ಹಗ್ಗ ಕಟ್ಟಿ ಟ್ರ್ಯಾಕ್ಟರಿನಿಂದ ಎಳೆಸಿ ಸಾಣಾಪುರ ಸೇರಿಸಿದರು. ಆ ತಿಂಗಳ ಕೊನೆಗೆ ದೇಶವೇ ಕೊರೊನಾಕ್ಕೆ ಬಾಗಿಲು ಹಾಕಿಕೊಂಡಿತು.

ತೀರ್ಪು ತಪ್ಪೆಂದು ನಾನು ಹೇಳಲಾರೆ. ಕಣ್ಣೆದುರಿಗೇ ವಿರೂಪಾಕ್ಷನ ಗೋಪುರವಿರುವ ಜಾಗದಲ್ಲಿ ಮನಸ್ಸಿಗೆ ಬಂದಂತೆ ಕಾಂಕ್ರೀಟು ಎಬ್ಬಿಸಿದರೆ ಐನೂರು ವರ್ಷದ ನೋಟ ಐದು ವರ್ಷದಲ್ಲಿ ಹಾಳಾಗುತ್ತದೆ. ಆದರೆ ಹುಲ್ಲಿನ ಗುಡಿಸಲಿಗೂ ಕಾಂಕ್ರೀಟಿನ ರೆಸಾರ್ಟಿಗೂ ಕಾಗದದಲ್ಲಿ ಒಂದೇ ಹೆಸರು: ಅನಧಿಕೃತ. ಅಲ್ಲಿ ಇಪ್ಪತ್ತು ವರ್ಷ ಬದುಕಿದವನಿಗೆ ಆ ಹೆಸರಿನಾಚೆ ಹೇಳಿಕೊಳ್ಳಲು ದಾಖಲೆಯಿಲ್ಲ. ಹೊಳೆಯ ಈಚೆ, ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಸಂಸಾರ ಹೂಡಿದ್ದವರನ್ನು 2011ರ ಜುಲೈಯಲ್ಲಿ ಎಬ್ಬಿಸಿದಾಗಲೂ ಇದೇ ಪ್ರಶ್ನೆ ಎದ್ದಿತ್ತು. ಜೀರ್ಣೋದ್ಧಾರವೆಂದರೆ ಮೂಲಕ್ಕೆ ಮರಳಿಸುವುದು ಎನ್ನುತ್ತೇವೆ. ನಡುವೆ ಬಂದವರೆಲ್ಲ ಕಸವೇ ಎಂಬುದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ.

ಕೊನೆಗೂ ಅವರು ಬಂದರು. ಒಂದು ಚೀಲ ಸೋನಾ ಮಸೂರಿ ಅಕ್ಕಿ ಹೊತ್ತುಕೊಂಡು, ನಾನು ಕೊಟ್ಟಿದ್ದ ಮುಂಗಡದಿಂದ ಏಳು ಸಾವಿರ ತೆಗೆದಿಟ್ಟುಕೊಂಡು. ಆಕೆ ಹಣವನ್ನು ಎರಡು ಸಲ ಎಣಿಸಿದರು. ಅಕ್ಕಿಯನ್ನು ಬೇಡವೆನ್ನಲಿಲ್ಲ. “ಪ್ರಳಯದಾಗ ಗಾಡಿ ಮುಳುಗಿತ್ತಂತಲ್ಲಪ್ಪ?” ಎಂದು ಕೇಳಿದರು. “ಹೌದಕ್ಕ, ಮ್ಯಾಲಿನ ನಾಲ್ಕು ಬೆರಳು ಕಾಣ್ತಿತ್ತು” ಎಂದು ಅವರು ಸ್ವಲ್ಪ ಹೆಚ್ಚಿಸಿಯೇ ಹೇಳಿದರು. ಹದಿನಾರು ವರ್ಷದ ಜಗಳದ ಬಗ್ಗೆ ಇಬ್ಬರೂ ಬೇರೇನೂ ಮಾತಾಡಲಿಲ್ಲ. ಆಕೆ ಸಹಿ ಹಾಕಿದರು.

ಗ್ಯಾರೇಜಿನ ಕೆಲಸ ಅಷ್ಟರಲ್ಲಿ ನಡೆದಿತ್ತು. ಈ ಕಾರಿಗೆ ಚಾಸಿ ಬೇರೆ, ಬಾಡಿ ಬೇರೆ ಇಲ್ಲ; ತಗಡಿನ ಪೆಟ್ಟಿಗೆಯೇ ಇಡೀ ಭಾರ ಹೊರುತ್ತದೆ. ಆದ್ದರಿಂದ ಬಾಗಿಲ ಕೆಳಗಿನ ಪಟ್ಟಿ ತುಕ್ಕು ಹಿಡಿದರೆ ಅದು ಅಂದದ ಪ್ರಶ್ನೆಯಲ್ಲ, ಬೆನ್ನೆಲುಬಿನ ಪ್ರಶ್ನೆ. ಎರಡೂ ಬದಿ ಕತ್ತರಿಸಿ ಹೊಸ ತಗಡು ಬೆಸೆಯಬೇಕಾಯಿತು. ಕತ್ತರಿಸಿದಾಗ ಟೊಳ್ಳಿನೊಳಗಿಂದ ಎರಡು ಬೊಗಸೆ ಹೊಳೆಯ ಮೆಕ್ಕಲು ಸುರಿಯಿತು. ಹಿಂದಿನ ಸೀಟಿನಡಿ ಗಿರಣಿಯ ಕಾಲದ ಭತ್ತದ ಹೊಟ್ಟು ಇನ್ನೂ ಇತ್ತು. ಪಿಸ್ಟನ್‌ಗಳು ಹಿಡಿದುಕೊಂಡಿದ್ದವು. ಸ್ಪಾರ್ಕ್ ಪ್ಲಗ್ ತೆಗೆದು ಡೀಸೆಲ್ ಸುರಿದು ಒಂಬತ್ತು ದಿನ ಕಾದ ಮೇಲೆ ಅಲುಗಿದವು. ಸಿಲಿಂಡರುಗಳನ್ನು ಲೇತಿನಲ್ಲಿ ಕೊರೆಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಿದೆವು. ಸೋಲೆಕ್ಸ್ ಕಾರ್ಬುರೇಟರು ಶಿವಾಜಿನಗರದ ಗುಜರಿಯಲ್ಲಿ, ಬ್ರೇಕಿನ ಸಿಲಿಂಡರುಗಳು ಜೆ.ಸಿ. ರಸ್ತೆಯ ಹಳೆಯ ಅಂಗಡಿಯಲ್ಲಿ ಸಿಕ್ಕವು. ಅರವತ್ತೆಂಟರ ಮಿಸ್ತ್ರಿ ಯಾವ ಪುಸ್ತಕವನ್ನೂ ನೋಡದೆ ಎಂಜಿನ್ ಕೂಡಿಸಿದರು. ಅವರ ನಂತರ ಗಂಗಾವತಿಯಲ್ಲಿ ಇದನ್ನು ಬಿಚ್ಚಬಲ್ಲವರು ಯಾರೆಂದು ನನಗೆ ಕಾಣುತ್ತಿಲ್ಲ. ಅವರ ಮಗನಿಗೆ ಕಂಪ್ಯೂಟರಿನಲ್ಲಿ ದೋಷ ತೋರಿಸುವ ಕಾರುಗಳೇ ಬೇಕು.

ಮರಳುಕಾಗದದಿಂದ ಉಜ್ಜುತ್ತಾ ಹೋದಂತೆ ಹಸಿರಿನಡಿ ನೀಲಿ, ನೀಲಿಯಡಿ ಬಿಳಿ, ಬಿಳಿಯಡಿ ಕೆನೆ ಕಂಡವು. ಮರದ ಉಂಗುರಗಳಂತೆ. ಬಣ್ಣದ ವಿಷಯದಲ್ಲಿ ಪ್ರತಿಯೊಬ್ಬರಿಗೂ ಅವರವರ ಹಕ್ಕಿತ್ತು. ವೈದ್ಯೆಯ ಮಗಳಿಗೆ ಕೆನೆ. ಆ ತಾಯಿಗೆ ನೀಲಿ, ಗಂಡ ಸ್ಟುಡಿಯೊದವರನ್ನು ಕರೆಸಿ ತೆಗೆಸಿದ ಪಟದಲ್ಲಿರುವಂತೆ. ಗಡ್ಡೆಯವರು ಏನೂ ಕೇಳಲಿಲ್ಲ, ಕಮಲ ಮಾಸುವುದನ್ನು ನೋಡಲು ಗ್ಯಾರೇಜಿಗೂ ಬರಲಿಲ್ಲ. ಹಳೆಯ ಕಾರುಗಳ ಹವ್ಯಾಸಿಗಳನ್ನು ಕೇಳಿದರೆ ಕಾರ್ಖಾನೆಯ ಬಣ್ಣವಲ್ಲದೆ ಬೇರೆ ಮಾತೇ ಇಲ್ಲ. ಈ ನಿಷ್ಠೆಯಲ್ಲಿ ನನಗೆ ತುಸು ಅನುಮಾನವಿದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿರುವಂಥ ಗಾಡಿಗಳಿಗೆ ಅದು ಸರಿ. ನಾಲ್ಕು ಮನೆ ನಡೆಸಿದ ದುಡಿಮೆಯ ಕಾರನ್ನು ಕಾರ್ಖಾನೆಯ ಗೇಟಿನಿಂದ ಇಂದು ಬೆಳಗ್ಗೆ ಹೊರಬಂದಂತೆ ಮಾಡುವುದರಲ್ಲಿ ಏನೋ ಸುಳ್ಳಿದೆ.

ತೀರ್ಮಾನ ಮಾಡಿದ್ದು ಆರ್‌ಸಿ ಪುಸ್ತಕ. ಅದರಲ್ಲಿ ಬರೆದಿದ್ದ ಬಣ್ಣ ಕೆನೆ. ನೀಲಿ, ಬಿಳಿ, ಹಸಿರುಗಳಲ್ಲಿ ಒಂದನ್ನೂ ಯಾರೂ ದಾಖಲಿಸಿರಲಿಲ್ಲ. ತಪಾಸಣೆಗೆ ಒಯ್ಯುವ ಗಾಡಿ ಕಾಗದಕ್ಕೆ ಹೊಂದಬೇಕು. ಹೊರಗೆ ಕೆನೆಬಣ್ಣ ಹೊಡೆಸಿದೆ. ಡಿಕ್ಕಿಯ ಮುಚ್ಚಳದ ಒಳಮೈಯನ್ನು ಮಾತ್ರ ಮುಟ್ಟಬೇಡಿ ಎಂದು ಪೇಂಟರಿಗೆ ಹೇಳಿದೆ. ಎತ್ತಿದರೆ ಅಲ್ಲಿ ಗಿಳಿಹಸಿರು ಹಾಗೆಯೇ ಇದೆ; ಒಂದು ಮೂಲೆಯಲ್ಲಿ ಹಸಿರು ಸುಲಿದು ನೀಲಿಯೂ ಇಣುಕುತ್ತದೆ.

ತಪಾಸಕರು ಚಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ತಿಕ್ಕಿ ಅಚ್ಚು ತೆಗೆದುಕೊಂಡರು, ಒಂದು ಸುತ್ತು ಓಡಿಸಿದರು, ಡಿಕ್ಕಿ ತೆಗೆದು ನೋಡಿ ಏನೂ ಅನ್ನದೆ ಮುಚ್ಚಿದರು. ಗಾಡಿ ಮೊದಲು ವಾರಸುದಾರರ ಹೆಸರಿಗೆ, ಅಲ್ಲಿಂದ ನನ್ನ ಹೆಸರಿಗೆ ಬರಬೇಕಿತ್ತು. ಹೀಗಾಗಿ ಸ್ಟೇರಿಂಗ್ ಮುಟ್ಟದ ಆ ತಾಯಿ ಒಂದೂವರೆ ತಿಂಗಳ ಕಾಲ ಆ ಕಾರಿನ ಅಧಿಕೃತ ಒಡತಿಯಾಗಿದ್ದರು. ತಮ್ಮ ಹೆಸರಿದ್ದ ಕಾರ್ಡನ್ನು ನನಗೆ ಒಪ್ಪಿಸುವ ಮೊದಲು ಮಗನನ್ನು ಕಳಿಸಿ ಅದರ ಜೆರಾಕ್ಸ್ ಮಾಡಿಸಿಟ್ಟುಕೊಂಡರು.

ಹಳೆಯ ಪುಸ್ತಕದಲ್ಲಿ ಹೆಸರುಗಳಿದ್ದವು, ಅಡ್ಡಗೀಟುಗಳಿದ್ದವು, ಬೇರೆ ಬೇರೆ ಕೈಬರಹಗಳಿದ್ದವು. ಹೊಸ ಕಾರ್ಡಿನಲ್ಲಿ ಮಾಲೀಕರ ಕ್ರಮಸಂಖ್ಯೆ ಮಾತ್ರ. ನನ್ನದು 5 ಎಂದಿದೆ. ವೈದ್ಯೆ, ಗಿರಣಿಯವರು, ಡ್ರೈವರ್, ಅವರ ಹೆಂಡತಿ, ನಾನು, ಲೆಕ್ಕ ಸರಿಯಾಗಿದೆ. ಪ್ರವಾಹದ ರಾತ್ರಿ ಕಾರಿನ ಮುಂದಿನ ಕಂಬಿಗೆ ಹಗ್ಗ ಬಿಗಿದು ಇನ್ನೊಂದು ತುದಿಯನ್ನು ಬಂಡೆಗೆ ಕಟ್ಟಿದ ಮನುಷ್ಯ ಈಗ ಸಾಣಾಪುರದ ರಸ್ತೆಯಲ್ಲಿ ಚಹಾದ ಅಂಗಡಿ ಇಟ್ಟಿದ್ದಾರೆ. ಆ ಕಡೆ ಹೋದಾಗ ಕಾರನ್ನು ಅಂಗಡಿಯ ಮುಂದೆಯೇ ನಿಲ್ಲಿಸುತ್ತೇನೆ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಅವರು ಬಾನೆಟ್ ಎತ್ತಿ ರೇಡಿಯೇಟರಿಗೆ ನೀರು ಹಾಕಿರುತ್ತಾರೆ.